ಮ್ಯಾಟಿನ ಕೆಳಗಿನ ಕೆಲಸ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಗಳ ಮುಂದೆ ಅರ್ಧ ಗಂಟೆ ನಿಂತು ನೋಡಿ. ಹುಡುಗರು ಬಾಗಿಲಿನ ಪ್ಯಾನೆಲ್ಲನ್ನು ಒಂದು ಕ್ಲಿಪ್ಪೂ ಮುರಿಯದ ಹಾಗೆ ಕಳಚುತ್ತಾರೆ, ಬಾನೆಟ್ಟಿನಿಂದ ಡಿಕ್ಕಿಯವರೆಗೆ ತಂತಿ ಎಳೆಯುತ್ತಾರೆ, ಸಂಜೆಯೊಳಗೆ ಎಲ್ಲ ಮುಚ್ಚಿ ಮೊದಲಿದ್ದಂತೆ ಕೂರಿಸುತ್ತಾರೆ. ಆ ಕೈಚಳಕಕ್ಕೆ ತಲೆಬಾಗಲೇಬೇಕು. ನನ್ನ ತಕರಾರು ಇರುವುದು ಮ್ಯಾಟಿನ ಕೆಳಗೆ ಹೋಗಿ ಕಣ್ಣಿಗೆ ಬೀಳದಾಗುವ ಕೆಲಸದ ಬಗ್ಗೆ.

ನನ್ನ ಕಾರಿಗೆ ಒಂದು ಅಂಗಡಿಯಲ್ಲಿ ಆಂಪ್ಲಿಫೈಯರ್, ಸಬ್‌ವೂಫರ್ ಹಾಕಿಸಿದ್ದೆ. ಎರಡು ತಿಂಗಳ ನಂತರ ಬಾನೆಟ್ ಎತ್ತಿ ನೋಡಿದರೆ, ಬ್ಯಾಟರಿಯಿಂದ ಬರುವ ಕೆಂಪು ತಂತಿ ಎಂಜಿನ್ ಕಡೆಯಿಂದ ಕಾರಿನೊಳಕ್ಕೆ ನುಗ್ಗುವ ತಗಡಿನ ತೂತಿಗೆ ರಬ್ಬರ್ ಗ್ರಾಮೆಟ್ಟೇ ಇರಲಿಲ್ಲ. ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ ಸವೆದಿತ್ತು, ಒಳಗಿನ ಎಳೆ ಇಣುಕುವುದೊಂದು ಬಾಕಿ. ಫ್ಯೂಸ್ ಎಲ್ಲಿದೆ ಎಂದು ಹುಡುಕಿದರೆ ಡಿಕ್ಕಿಯಲ್ಲಿ, ಆಂಪ್ಲಿಫೈಯರ್ ಪಕ್ಕದಲ್ಲಿ ಚೆಂದವಾಗಿ ಕೂತಿತ್ತು.

ಫ್ಯೂಸ್ ಇರುವುದು ಆಂಪ್ಲಿಫೈಯರ್ ಕಾಯಲಿಕ್ಕೆ ಎಂಬ ನಂಬಿಕೆಯಿಂದಲೇ ಈ ತಪ್ಪು ಹುಟ್ಟುತ್ತದೆ. ಹೆಚ್ಚಿನ ಆಂಪ್ಲಿಫೈಯರ್‌ಗಳಿಗೆ ತಮ್ಮದೇ ಪುಟ್ಟ ಫ್ಯೂಸ್ ಇರುತ್ತದೆ. ದೊಡ್ಡ ಫ್ಯೂಸ್ ಕಾಯಬೇಕಾದದ್ದು ತಂತಿಯನ್ನು. ಅದಕ್ಕೇ ಅದು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಡಿಕ್ಕಿಯಲ್ಲಿಟ್ಟರೆ ನಡುವಿನ ಐದು ಮೀಟರ್ ತಂತಿಗೆ ಹೇಳುವವರು ಕೇಳುವವರಿಲ್ಲ. ಸವೆದ ಜಾಗ ಕಾರಿನ ತಗಡಿಗೆ ತಾಗಿದ ಗಳಿಗೆಯಲ್ಲಿ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ತಂತಿ ಕೆಂಪಗೆ ಕಾಯುತ್ತದೆ, ಸುತ್ತ ಇರುವುದು ಮ್ಯಾಟು, ಸ್ಪಂಜು. ‘ಬರೀ ಹನ್ನೆರಡು ವೋಲ್ಟು, ಏನಾಗುತ್ತೆ ಸಾರ್’ ಎನ್ನುವ ಮಾತು ನನಗೆ ಸಿಟ್ಟು ತರಿಸುವುದು ಇದಕ್ಕೇ. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಸುಡುವುದಕ್ಕೆ ಅದು ಧಾರಾಳ ಸಾಕು.

ವೋಲ್ಟೇಜ್ ಕಡಿಮೆ ಇದ್ದಷ್ಟೂ ಕರೆಂಟ್ ಹೆಚ್ಚು ಬೇಕು. ಮನೆಯ 230 ವೋಲ್ಟಿನಲ್ಲಿ 500 ವ್ಯಾಟ್ ಎಂದರೆ ಎರಡು ಆಂಪಿಯರ್ ಚಿಲ್ಲರೆ. ಕಾರಿನಲ್ಲಿ ಸ್ಪೀಕರಿಗೆ 500 ವ್ಯಾಟ್ ತಲುಪಬೇಕಾದರೆ, ಒಳಗಿನ ನಷ್ಟವೂ ಸೇರಿ, 50 ಆಂಪಿಯರ್ ಹತ್ತಿರ ಎಳೆಯುತ್ತದೆ. 8 ಗೇಜಿನ ಶುದ್ಧ ತಾಮ್ರದ ತಂತಿಯಾದರೆ ಐದು ಮೀಟರಿನಲ್ಲೇ ಅರ್ಧ ವೋಲ್ಟ್ ಸೋರಿಹೋಗುತ್ತದೆ, 4 ಗೇಜಾದರೆ 0.2 ವೋಲ್ಟ್. (ಗೇಜಿನ ಅಂಕಿ ಇಳಿದಷ್ಟೂ ತಂತಿ ದಪ್ಪ.) ಆದರೆ ಅಗ್ಗದ ವೈರಿಂಗ್ ಕಿಟ್‌ಗಳಲ್ಲಿ ಬಹುಪಾಲು ಬರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದೇ 8 ಗೇಜಿನಲ್ಲಿ ಅದು 0.8 ವೋಲ್ಟ್ ನುಂಗುತ್ತದೆ. ಡೊಳ್ಳಿನ ಪೆಟ್ಟು ಬಿದ್ದಾಗಲೆಲ್ಲ ಹೆಡ್‌ಲೈಟ್ ಮಂಕಾದರೆ ಗಿರಾಕಿ ‘ಆಂಪ್ಲಿಫೈಯರ್ ಸರಿಯಿಲ್ಲ’ ಎಂದು ಗೊಣಗುವ ಮೊದಲು ತಂತಿಯನ್ನು ನೋಡಬೇಕು. ಇದರಲ್ಲಿ ಗಿರಾಕಿಯ ಪಾಲೂ ಇದೆ. ಸ್ಪೀಕರಿಗೆ ಕೇಳಿದಷ್ಟು ಕೊಟ್ಟು, ಚೌಕಾಸಿಯನ್ನೆಲ್ಲ ತಂತಿಯ ಮೇಲೆ ತೀರಿಸಿಕೊಳ್ಳುವವರು ನಾವೇ.

ನನ್ನ ಕಾರಿನ ಆ ಕೆಲಸವನ್ನು ಬಿಚ್ಚಿ ಹೊಸದಾಗಿ ಮಾಡಿಕೊಟ್ಟವರು ಮೈಸೂರಿನ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್. ಅರ್ಥ್ ಕೊಡುವುದಕ್ಕೇ ಅವರು ಮುಕ್ಕಾಲು ಗಂಟೆ ತೆಗೆದುಕೊಂಡರು. ಮೊದಲಿನವರು ಪೇಂಟಿನ ಮೇಲೆಯೇ ಒಂದು ಸ್ಕ್ರೂ ತಿರುಪಿ ಬಿಟ್ಟಿದ್ದರು. ಇವರು ಹಿಂದಿನ ಸೀಟೆತ್ತಿ, ಉಪ್ಪುಕಾಗದದಲ್ಲಿ ರೂಪಾಯಿಯಗಲ ಜಾಗವನ್ನು ಬರಿಯ ಲೋಹ ಹೊಳೆಯುವ ತನಕ ಉಜ್ಜಿದರು. ಲಗ್ ಒತ್ತಿ ಕ್ರಿಂಪ್ ಮಾಡಿ, ಹಲ್ಲಿನ ವಾಷರ್ ಇಟ್ಟು ಬೋಲ್ಟ್ ಬಿಗಿದರು, ತುಕ್ಕು ಹಿಡಿಯದಿರಲೆಂದು ಮೇಲೆ ಬಣ್ಣ ಸವರಿದರು. ಅರ್ಥ್ ತಂತಿಯೂ ಕೆಂಪು ತಂತಿಯಷ್ಟೇ ದಪ್ಪ, ಉದ್ದ ಮಾತ್ರ ಒಂದು ಮೊಳ. ಹೋದ ಕರೆಂಟ್ ಅಷ್ಟೂ ಅದೇ ದಾರಿಯಲ್ಲಿ ಬ್ಯಾಟರಿಗೆ ವಾಪಸ್ ಬರಬೇಕಲ್ಲ! ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುತ್ತಿದ್ದ ‘ಕುಂಯ್’ ಸದ್ದು ಅರ್ಥ್ ಸರಿಯಾದ ಮೇಲೆ ಬಹುಮಟ್ಟಿಗೆ ಅಡಗಿತು. ಉಳಿದದ್ದು ಆಂಪ್ಲಿಫೈಯರಿಗೆ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲನ್ನು ಪವರ್ ತಂತಿಯ ಜೊತೆಯಿಂದ ಬಿಡಿಸಿ ಕಾರಿನ ಇನ್ನೊಂದು ಮಗ್ಗುಲಲ್ಲಿ ಎಳೆದಾಗ ಹೋಯಿತು. ಎಡಬಾಗಿಲ ಸ್ಪೀಕರಿನಲ್ಲಿ ಪ್ಲಸ್, ಮೈನಸ್ ಅದಲುಬದಲಾಗಿತ್ತು. ಎರಡು ಕೋನ್‌ಗಳು ಒಂದನ್ನೊಂದು ಎದುರಿಸಿ ಬೇಸನ್ನೇ ತಿಂದುಹಾಕುತ್ತಿದ್ದವು. ಅದನ್ನೂ ಸರಿಮಾಡಿದರು.

ಕಡೆಗೆ ಫ್ಯೂಸ್ ಬ್ಯಾಟರಿಯ ಪಕ್ಕಕ್ಕೆ ಬಂತು, ತಗಡಿನ ತೂತಿಗೆ ಗ್ರಾಮೆಟ್ ಬಂತು. ಅರ್ಧ ಗಂಟೆ ಜೋರಾಗಿ ಹಾಡು ಹಾಕಿಟ್ಟು, ‘ಈಗ ತಂತಿ ಮೇಲೆ ಕೈ ಇಡಿ ಸಾರ್’ ಎಂದರು. ಇಟ್ಟೆ, ತಣ್ಣಗಿತ್ತು.