ಎರೆ ನೆಲಕ್ಕೆ ಎಂಥ ಟೈರ್?

ರಾಯಚೂರಿನಲ್ಲಿ ಫೋರ್ ವೀಲ್ ಜೀಪು ಕೊಂಡ ಹುಡುಗರು ಕಂಪನಿ ಕೊಟ್ಟ ಟೈರ್ ಸವೆಯುವ ಮೊದಲೇ ಅದನ್ನು ಕಳಚಿಸಿ, ದಪ್ಪ ಗುಬ್ಬಿಗಳ ಮಡ್ ಟೈರನ್ನೂ ಬಾಡಿಯಿಂದಾಚೆ ಚಾಚುವ ಅಲಾಯ್ ವೀಲನ್ನೂ ಹಾಕಿಸುತ್ತಿದ್ದಾರೆ. ಗಾಡಿಗೆ ಗತ್ತು ಬರುತ್ತದೆ. ಆದರೆ ನಮ್ಮ ನೆಲದ ಮೇಲೆ ಒರೆಗೆ ಹಚ್ಚಿದರೆ ಈ ಆಯ್ಕೆ ನಿಲ್ಲುವುದಿಲ್ಲ.

ಮಾನ್ವಿ ಕಡೆಯ ಎರೆಯನ್ನೇ ನೋಡಿ. ನೀರು ಕುಡಿದರೆ ಉಬ್ಬುವ, ಮುಟ್ಟಿದ್ದಕ್ಕೆಲ್ಲ ಅಂಟುವ ಜೇಡಿ ಅದು. ಮಳೆ ಬಿದ್ದ ಹೊಲದ ದಾರಿಯಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ಗುಬ್ಬಿಗಳ ಸಂದು ತುಂಬಿ, ಮಡ್ ಟೈರೂ ಸವೆದ ಟೈರಿನಂತೆ ಜಾರುತ್ತದೆ. ಆ ಮಣ್ಣು ಸಿಡಿದು ಹೋಗಬೇಕಾದರೆ ಗಾಲಿ ಜೋರಾಗಿ ತಿರುಗಬೇಕು; ಜೋರಾಗಿ ತಿರುಗಿಸಿದರೆ ಗಾಡಿ ತನ್ನ ಹೊಂಡವನ್ನು ತಾನೇ ತೋಡಿಕೊಂಡು ಆಕ್ಸಲ್‌ವರೆಗೆ ಹೂಳುತ್ತದೆ. ಮೇಲ್ಪದರ ಮಾತ್ರ ನೆನೆದಿದ್ದರೆ ಕಿರಿದಾದ ಟೈರೇ ಮೇಲು, ರಾಡಿ ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಪೂರ್ತಿ ನೆನೆದ ಎರೆಗೆ ಯಾವ ಟೈರೂ ಮದ್ದಲ್ಲ. ನೆಲ ಆರುವವರೆಗೆ ಕಾಯಬೇಕು.

ಈ ಮಾತಿನಲ್ಲಿ ಇಲ್ಲಿನ ಟ್ರ್ಯಾಕ್ಟರ್ ಚಾಲಕರು ಜೀಪಿನವರಿಗಿಂತ ಬಲ್ಲವರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಭತ್ತದ ಗದ್ದೆ ಕೆಸರು ಮಾಡುವ ಹೊತ್ತಿಗೆ ಕಬ್ಬಿಣದ ಕೇಜ್ ವೀಲ್ ಕಟ್ಟುತ್ತಾರೆ, ಕೆಲಸ ಮುಗಿದರೆ ಬಿಚ್ಚುತ್ತಾರೆ. ಕೆಲಸಕ್ಕೆ ತಕ್ಕ ಗಾಲಿ ಎಂಬ ಈ ವಿವೇಕ ದೊಡ್ಡದು. ಬಿಚ್ಚದೆ ಅದರಲ್ಲೇ ಡಾಂಬರು ರಸ್ತೆಗಿಳಿಯುವವರನ್ನು ಮಾತ್ರ ಒಪ್ಪಲಾಗದು. ಊರಿನ ರಸ್ತೆಯನ್ನೇ ಅವರು ಅಗೆದು ಹಾಕುತ್ತಾರೆ.

ದೇವದುರ್ಗದ ಕಡೆ ಕಲ್ಲು, ಗರಸು ಹೆಚ್ಚಿರುವ ದಾರಿಗಳಲ್ಲಿ ಪರೀಕ್ಷೆಯೇ ಬೇರೆ. ಅಲ್ಲಿ ಟೈರಿಗೆ ಪೆಟ್ಟು ಬೀಳುವುದು ಪಕ್ಕೆಗೆ. 2020ರ ಮಹೀಂದ್ರಾ ಥಾರ್ 245/75 ಆರ್16, 255/65 ಆರ್18 ಎಂಬ ಎರಡು ಅಳತೆಗಳಲ್ಲಿ ಬಂತು. ಲೆಕ್ಕ ಹಾಕಿದರೆ ಮೊದಲನೆಯದರ ಪಕ್ಕೆಯ ಎತ್ತರ ಸುಮಾರು 184 ಮಿ.ಮೀ., ಎರಡನೆಯದರದು 166. ಕಲ್ಲಿಗೂ ರಿಮ್ಮಿಗೂ ನಡುವೆ ಹೆಚ್ಚು ರಬ್ಬರ್ ಇರುವುದು ನೋಟಕ್ಕೆ ಸಾದಾ ಎನಿಸುವ 16 ಇಂಚಿನ ಗಾಲಿಯಲ್ಲೇ. ಸ್ಟೀಲ್ ಡಿಸ್ಕ್ ಡೊಂಕಾದರೆ ಬಡಿದು ಸರಿಮಾಡುವವರು ತಾಲ್ಲೂಕು ಊರಿನಲ್ಲೂ ಸಿಗುತ್ತಾರೆ. ಬಿರುಕು ಬಿಟ್ಟ ಅಲಾಯ್‌ಗೆ ಹೊಸದೇ ಬೇಕು.

ಅಳತೆ ಹಿಗ್ಗಿಸುವುದಕ್ಕೂ ಬೆಲೆ ತೆರಬೇಕು. 245ರ ಜಾಗಕ್ಕೆ 265/75 ಆರ್16 ಹಾಕಿದರೆ ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ 83ರ ಆಸುಪಾಸಿನಲ್ಲಿ ಓಡುತ್ತಿರುತ್ತದೆ. ಬ್ರೇಕಿಗೂ ಸ್ಟೀರಿಂಗಿಗೂ ಭಾರ ಹೆಚ್ಚು. ಗಾಲಿ ಹೊರಚಾಚಿದಷ್ಟೂ ವೀಲ್ ಬೇರಿಂಗ್ ಬೇಗ ಹೋಗುತ್ತದೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿರುವುದನ್ನೂ ಮರೆಯಬಾರದು.

ಇಷ್ಟಾಗಿಯೂ ಈ ಜೀಪುಗಳು ಹೆಚ್ಚು ಓಡುವುದು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿನ ಡಾಂಬರಿನ ಮೇಲೆ. ಅಲ್ಲಿ ಮಡ್ ಟೈರ್ ಮೊರೆಯುತ್ತದೆ, ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದರೆ ದೂರ ಹೋಗಿ ನಿಲ್ಲುತ್ತದೆ.

ಹಾಗಾಗಿ ಈ ಮೂರೂ ಊರುಗಳ ನಡುವೆ ಓಡಾಡುವವರಿಗೆ ಕಂಪನಿ ಹೇಳಿದ ಅಳತೆಯ ಆಲ್ ಟೆರೇನ್ ಟೈರ್, 16 ಇಂಚಿನ ಸ್ಟೀಲ್ ಡಿಸ್ಕ್ ಸರಿಯಾದ ಜೋಡಿ ಎಂದು ನನ್ನ ಖಚಿತ ಅಭಿಪ್ರಾಯ. ರಾಡಿಗಿಳಿಯುವಾಗ ಹವಾ ಸ್ವಲ್ಪ ಇಳಿಸಿ, ಡಾಂಬರಿಗೆ ಬಂದೊಡನೆ ಮತ್ತೆ ತುಂಬಿಸಿ. ಕೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿ: 2325 ಎಂದಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ತಗಡಿನ ಶೆಡ್ಡಿನ ಕಾವಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಟೈರನ್ನು ಅಗ್ಗಕ್ಕೆ ಕೊಟ್ಟರೂ ಬೇಡವೆನ್ನಿ. ಸ್ಟೆಪ್ನಿಯೂ ಅದೇ ಅಳತೆಯದೇ ಇರಲಿ. ಬೇರೆ ಅಳತೆಯ ಗಾಲಿಯೊಂದಿಗೆ ಫೋರ್ ವೀಲ್ ಹಾಕಿ ಗಟ್ಟಿ ರಸ್ತೆಯಲ್ಲಿ ಓಡಿಸಿದರೆ ಗೇರಿನ ಪೆಟ್ಟಿಗೆಗೇ ಪೆಟ್ಟು.