ಒಂದೇ ಅಚ್ಚಿನ ಜಾಲತಾಣಗಳು ಎಲ್ಲರಿಗೂ ಎಟಕುವವೆ?

ಮಂಡ್ಯ ಜಿಲ್ಲೆಯ ಆಲೆಮನೆಗಳನ್ನು ನೀವು ನೋಡಿರಬಹುದು. ಕಬ್ಬಿನ ಹಾಲು ಕುದಿದು ಪಾಕವಾಗುತ್ತದೆ. ಪಾಕವನ್ನು ಅಚ್ಚಿಗೆ ಸುರಿದರೆ, ಆರಿದ ಮೇಲೆ ಒಂದೇ ಅಳತೆಯ ಅಚ್ಚು ಬೆಲ್ಲಗಳು ಹೊರಬರುತ್ತವೆ. ಅಚ್ಚು ನೇರವಾಗಿದ್ದರೆ ಎಲ್ಲ ಬೆಲ್ಲವೂ ನೇರ, ಓರೆಯಾಗಿದ್ದರೆ ಎಲ್ಲವೂ ಓರೆ. ಇಂದಿನ ಜಾಲತಾಣಗಳ ರಚನೆಗೂ ಈ ಮಾತು ಒಪ್ಪುತ್ತದೆ. ಜಿಲ್ಲಾಡಳಿತಗಳ ತಾಣಗಳಿಗೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು 'ಎಸ್-ತ್ರೀ-ವಾಸ್' ಎಂಬ ಸಾಮಾನ್ಯ ಚೌಕಟ್ಟನ್ನು ಒದಗಿಸಿದೆ. ಅದರ ಪೂರ್ಣ ಹೆಸರಿನಲ್ಲೇ 'ಸುಗಮ್ಯ' ಎಂಬ ಪದವಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಗೆ ನಾಳೆ ಒಂದೊಂದು ತಾಣ ಬೇಕೆಂದರೆ ಯಾರೂ ನಾಲ್ಕು ಸಲ ಹೊಸದಾಗಿ ಬರೆಯುವುದಿಲ್ಲ. ಒಂದು ಅಚ್ಚು ಮಾಡಿ ನಾಲ್ಕು ಸಲ ಸುರಿಯುತ್ತಾರೆ. ಆ ಅಚ್ಚನ್ನು ಹೇಗೆ ಮಾಡುತ್ತಿದ್ದೇವೆ, ಅದರಲ್ಲಿ ಏನು ಸರಿಯಿದೆ, ಏನು ತಪ್ಪಿದೆ ಎಂಬುದು ಈ ಲೇಖನದ ವಿಷಯ.

ಅಚ್ಚು ಯಾವುದು?

ಜಾಲಪುಟದ ವಿಷಯವನ್ನು ಎಚ್‌ಟಿಎಂಎಲ್ ಭಾಷೆಯಲ್ಲಿ ಬರೆಯುತ್ತಾರೆ. ಅದರ ಬಣ್ಣ, ಅಕ್ಷರದ ಗಾತ್ರ, ಸಾಲಿನ ಅಂತರ ಮುಂತಾದ ಹೊರರೂಪವನ್ನು ನಿರ್ಧರಿಸುವುದು ಸಿಎಸ್‌ಎಸ್ ಎಂಬ ಶೈಲಿಹಾಳೆ. ಸಿಎಸ್‌ಎಸ್‌ನ ಮೊದಲ ಪ್ರಮಾಣಕ 1996ರಲ್ಲಿ ಬಂದಿತು. ಅದರಲ್ಲಿ ಚರಾಕ್ಷರಗಳಿರಲಿಲ್ಲ, ಲೆಕ್ಕ ಮಾಡುವ ಸೌಕರ್ಯವಿರಲಿಲ್ಲ. ಒಂದೇ ಬಣ್ಣದ ಸಂಖ್ಯೆಯನ್ನು ನೂರು ಕಡೆ ಬರೆಯಬೇಕಿತ್ತು. ಈ ತೊಡಕನ್ನು ನೀಗಲು 2006ರಲ್ಲಿ ಹ್ಯಾಂಪ್ಟನ್ ಕ್ಯಾಟ್ಲಿನ್ 'ಸ್ಯಾಸ್' ಎಂಬ ಪ್ರಿಪ್ರೊಸೆಸರನ್ನು ರೂಪಿಸಿದರು. 2009ರಲ್ಲಿ 'ಲೆಸ್' ಬಂದಿತು. ನಾವು ಸ್ಯಾಸ್‌ನಲ್ಲಿ ಬರೆದದ್ದನ್ನು ಅದು ಸಾದಾ ಸಿಎಸ್‌ಎಸ್ ಆಗಿ ಪರಿವರ್ತಿಸಿ ಕೊಡುತ್ತದೆ. ಬ್ರೌಸರಿಗೆ ತಲುಪುವುದು ಈ ಪರಿವರ್ತಿತ ಹಾಳೆ ಮಾತ್ರ.

ಸ್ಯಾಸ್‌ನ ಮುಖ್ಯ ಸಾಧನ 'ಮಿಕ್ಸಿನ್'. ಕೆಲವು ನಿಯಮಗಳನ್ನು ಒಟ್ಟುಗೂಡಿಸಿ ಒಂದು ಹೆಸರು ಕೊಟ್ಟರೆ, ಬೇಕಾದಲ್ಲೆಲ್ಲ ಆ ಹೆಸರನ್ನು ಕರೆದು ಬಳಸಬಹುದು. ದೃಷ್ಟಿಮಾಂದ್ಯರು, ಮೌಸ್ ಹಿಡಿಯಲಾಗದವರು, ಬಣ್ಣ ಗುರುತಿಸಲಾಗದವರು ಇವರಿಗೆಲ್ಲ ಬೇಕಾದ ಶೈಲಿಗಳನ್ನು ಹೀಗೆ ಒಮ್ಮೆ ಬರೆದಿಟ್ಟರೆ ಸಾಕಲ್ಲವೆ ಎಂಬ ಯೋಚನೆ ಸಹಜವಾದುದೇ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ ಸುಮಾರು 13.2 ಲಕ್ಷ. ಇವರಲ್ಲದೆ, ವಯಸ್ಸಿನಿಂದ ಕಣ್ಣು ಮಂಜಾದವರೂ ಬಿಸಿಲಿನಲ್ಲಿ ನಿಂತು ಮೊಬೈಲಿನಲ್ಲಿ ಪಹಣಿ ನೋಡುವ ರೈತರೂ ಈ ಶೈಲಿಗಳ ಫಲಾನುಭವಿಗಳೇ.

ಒಳ್ಳೆಯ ಅಚ್ಚಿನ ಒಂದು ಉದಾಹರಣೆ

ಭೂತಗನ್ನಡಿಯ ಚಿತ್ರವಿರುವ ಒಂದು ಗುಂಡಿಯನ್ನು ಊಹಿಸಿಕೊಳ್ಳಿ. ಕಣ್ಣಿರುವವರಿಗೆ ಅದು 'ಹುಡುಕು' ಎಂದು ತಿಳಿಯುತ್ತದೆ. ಪರದೆ ಓದುವ ತಂತ್ರಾಂಶ ಬಳಸುವವರಿಗೆ ತಿಳಿಯಬೇಕಾದರೆ 'ಹುಡುಕು' ಎಂಬ ಪದ ಪುಟದಲ್ಲಿರಬೇಕು, ಆದರೆ ಕಣ್ಣಿಗೆ ಕಾಣಬೇಕಾಗಿಲ್ಲ. ಸಿಎಸ್‌ಎಸ್‌ನಲ್ಲಿ 'ಡಿಸ್‌ಪ್ಲೇ: ನನ್' ಎಂದು ಬರೆದರೆ ಆ ಪದ ಓದುವ ತಂತ್ರಾಂಶಕ್ಕೂ ಮರೆಯಾಗುತ್ತದೆ. ಆದ್ದರಿಂದ ಬಲ್ಲವರು ಆ ಪದವನ್ನು 1 ಪಿಕ್ಸೆಲ್ ಉದ್ದ, 1 ಪಿಕ್ಸೆಲ್ ಅಗಲದ ಪೆಟ್ಟಿಗೆಯಲ್ಲಿಟ್ಟು ಹೊರಚಾಚುವ ಭಾಗವನ್ನು ಕತ್ತರಿಸುತ್ತಾರೆ. ಸಾಲು ಮುರಿಯದಂತೆ ಇನ್ನೊಂದು ನಿಯಮವನ್ನೂ ಸೇರಿಸುತ್ತಾರೆ. ಇಲ್ಲವಾದರೆ ಆ ಇಕ್ಕಟ್ಟಿನಲ್ಲಿ ಪದಗಳು ಒಂದಕ್ಕೊಂದು ಅಂಟಿದಂತೆ ಓದಿಸಿಕೊಳ್ಳುವ ಸಂಭವವಿದೆ. ಇಷ್ಟೆಲ್ಲವನ್ನು ಪ್ರತಿ ಸಲ ನೆನಪಿಟ್ಟು ಬರೆಯುವುದು ಕಷ್ಟ. ಒಂದು ಮಿಕ್ಸಿನ್‌ನಲ್ಲಿಟ್ಟರೆ ಮರೆವಿನ ಭಯವಿಲ್ಲ. ಪ್ರಿಪ್ರೊಸೆಸರಿನ ನಿಜವಾದ ಉಪಕಾರ ಇದು.

ತಪ್ಪೂ ಅಷ್ಟೇ ವೇಗವಾಗಿ ಹರಡುತ್ತದೆ

ಆದರೆ ಇತಿಹಾಸದಲ್ಲಿ ಇನ್ನೊಂದು ಪಾಠವೂ ಇದೆ. ಎರಿಕ್ ಮೇಯರ್ ಎಂಬ ತಜ್ಞರು ಬ್ರೌಸರುಗಳ ನಡುವಿನ ವ್ಯತ್ಯಾಸ ಅಳಿಸಲು 'ರೀಸೆಟ್' ಎಂಬ ಶೈಲಿಹಾಳೆಯನ್ನು ಬರೆದರು. ಅದರ 2008ರ ಆವೃತ್ತಿಯಲ್ಲಿ, ಕೀಲಿಮಣೆಯಿಂದ ಆಯ್ಕೆಯಾದ ಕೊಂಡಿಯ ಸುತ್ತ ಕಾಣುವ ಗೆರೆಯನ್ನು ತೆಗೆದುಹಾಕುವ ನಿಯಮವಿತ್ತು. ಅದರ ಪಕ್ಕದಲ್ಲೇ, ನಿಮ್ಮದೇ ಗೆರೆಯನ್ನು ಬರೆದುಕೊಳ್ಳಲು ಮರೆಯಬೇಡಿ ಎಂಬ ಎಚ್ಚರಿಕೆಯೂ ಇತ್ತು. ಹಾಳೆಯನ್ನು ನಕಲು ಮಾಡಿದ ಅನೇಕರು ನಿಯಮವನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಮರೆತರು. 2011ರ ಎರಡನೆಯ ಆವೃತ್ತಿಯಲ್ಲಿ ಮೇಯರ್ ಆ ನಿಯಮವನ್ನೇ ಕೈಬಿಟ್ಟರು. ಆದರೂ 'ಗೆರೆ ಅಂದಗೆಡಿಸುತ್ತದೆ' ಎಂದು ಅಳಿಸುವ ಅಭ್ಯಾಸ ಹೋಗಿಲ್ಲ. ಮೌಸ್ ಬಳಸಲಾಗದ ವ್ಯಕ್ತಿಗೆ ಆ ಗೆರೆಯೇ ದಾರಿದೀಪ. ಅದಿಲ್ಲದಿದ್ದರೆ ತಾನು ಪುಟದಲ್ಲಿ ಎಲ್ಲಿದ್ದೇನೆಂಬುದೇ ತಿಳಿಯದು.

ಕೆಲವರು ಗೆರೆಯ ಬದಲು ನೆರಳಿನ ಅಲಂಕಾರವನ್ನು ಕೊಡುತ್ತಾರೆ. ಇದೂ ಅರ್ಧ ಪರಿಹಾರ. ವಿಂಡೋಸ್‌ನ ಅಧಿಕ ಕಾಂಟ್ರಾಸ್ಟ್ ವಿಧಾನದಲ್ಲಿ ಪೆಟ್ಟಿಗೆಯ ನೆರಳನ್ನು ಬ್ರೌಸರ್ ತೆಗೆದುಹಾಕುತ್ತದೆ. ನೆರಳು ಯಾರಿಗೆ ಅತ್ಯಗತ್ಯವೋ ಅವರಿಗೇ ಅದು ಕಾಣುವುದಿಲ್ಲ! ನೆರಳಿನ ಜೊತೆಗೆ ಪಾರದರ್ಶಕ ಗೆರೆಯೊಂದನ್ನು ಇಟ್ಟಿದ್ದರೆ ಆ ವಿಧಾನದಲ್ಲಿ ಅದು ಬಣ್ಣ ತಾಳಿ ಕಾಣಿಸಿಕೊಳ್ಳುತ್ತದೆ. ಮಿಕ್ಸಿನ್ ಬರೆಯುವವರು ಇದನ್ನು ತಿಳಿದಿರಬೇಕು.

ಬಣ್ಣದ ಲೆಕ್ಕ: ಕಣ್ಣಂದಾಜು ಸಾಲದು

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. ಸ್ಯಾಸ್‌ನಲ್ಲಿ ಒಂದು ಬಣ್ಣವನ್ನು 'ಶೇಕಡಾ ಇಷ್ಟು ತಿಳಿಗೊಳಿಸು' ಎನ್ನುವ ಸೌಕರ್ಯವನ್ನು ಬಹಳ ಜನ ಬಳಸಿದ್ದಾರೆ. ಅದು ಅವಲಂಬಿಸುವುದು ಎಚ್‌ಎಸ್‌ಎಲ್ ಎಂಬ ವರ್ಣಪದ್ಧತಿಯನ್ನು. ಆ ಪದ್ಧತಿಯಲ್ಲಿ ಶುದ್ಧ ಹಳದಿಗೂ ಶುದ್ಧ ನೀಲಿಗೂ ತಿಳಿತನ ಒಂದೇ: ಶೇಕಡಾ 50. ನಮ್ಮ ಕಣ್ಣು ಹಾಗೆ ಹೇಳುವುದೆ? ಬಿಳಿ ಹಾಳೆಯ ಮೇಲೆ ನೀಲಿ ಅಕ್ಷರ ಎದ್ದು ಕಾಣುತ್ತದೆ, ಹಳದಿ ಅಕ್ಷರ ಕಾಣುವುದೇ ಇಲ್ಲ.

ಜಾಲ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ ಕಣ್ಣಿನ ಸಂವೇದನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದರ ಸೂತ್ರದಲ್ಲಿ ಕೆಂಪಿನ ಪಾಲು 0.2126, ಹಸಿರಿನದು 0.7152, ನೀಲಿಯದು 0.0722. ಹಳದಿ ಎಂದರೆ ಕೆಂಪು ಮತ್ತು ಹಸಿರು ಬೆಳಕುಗಳ ಕೂಟ. ಹಾಗಾಗಿ ಹಳದಿಯ ಸಾಪೇಕ್ಷ ಪ್ರಕಾಶ 0.9278, ನೀಲಿಯದು 0.0722. ಬಿಳಿಯದು 1. ಎರಡು ಬಣ್ಣಗಳ ಪ್ರಕಾಶಕ್ಕೆ ತಲಾ 0.05 ಕೂಡಿ, ಹೆಚ್ಚಿನದನ್ನು ಕಡಿಮೆಯದರಿಂದ ಭಾಗಿಸಿದರೆ ಕಾಂಟ್ರಾಸ್ಟ್ ಅನುಪಾತ ಸಿಗುತ್ತದೆ. ನೀವೇ ಲೆಕ್ಕ ಮಾಡಿ: ಬಿಳಿಯ ಮೇಲೆ ಹಳದಿಗೆ ಸುಮಾರು 1.07, ನೀಲಿಗೆ ಸುಮಾರು 8.59. ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಇದು ಕನಿಷ್ಠ 4.5 ಇರಬೇಕೆಂಬುದು ನಿಯಮ. ಬಿಳಿಯ ಮೇಲೆ #767676 ಎಂಬ ಬೂದು ಬಣ್ಣ ಇದರಲ್ಲಿ ತೇರ್ಗಡೆಯಾಗುತ್ತದೆ. ಅದಕ್ಕಿಂತ ಕೂದಲೆಳೆಯಷ್ಟು ತಿಳಿಯಾದ #777777 ಸೋಲುತ್ತದೆ.

ಈ ಭಾಗಾಕಾರವನ್ನು ಸ್ಯಾಸ್ ತಾನೇ ಮಾಡಬಲ್ಲದು. ಅನುಪಾತ 4.5ಕ್ಕಿಂತ ಕಡಿಮೆಯಾದರೆ ಪರಿವರ್ತನೆಯನ್ನೇ ನಿಲ್ಲಿಸಿ ದೋಷಸಂದೇಶ ಕೊಡುವಂತೆ ಬರೆಯಬಹುದು. ಆಗ ತಪ್ಪು ಬಣ್ಣ ಓದುಗನನ್ನು ತಲುಪುವ ಮೊದಲೇ ಸಿಕ್ಕಿಬೀಳುತ್ತದೆ. ಬಣ್ಣ ತಿಳಿಗೊಳಿಸುವ ಸೌಕರ್ಯವನ್ನು ಧಾರಾಳವಾಗಿ ಬಳಸಿ, ಕಾಂಟ್ರಾಸ್ಟ್ ಪರೀಕ್ಷೆಯನ್ನು ಬರೆಯದೆ ಬಿಡುವ ಶೈಲಿಸಂಗ್ರಹಗಳ ಮೇಲೆ ನನ್ನ ಮೊದಲ ಆಕ್ಷೇಪ ಇದೇ.

ಅಚ್ಚು ಯಾವ ಲಿಪಿಗೆ?

ಎರಡನೆಯ ಆಕ್ಷೇಪ ಕನ್ನಡಿಗರಾದ ನಮಗೆ ಹೆಚ್ಚು ಹತ್ತಿರದ್ದು. ಪ್ರಚಲಿತವಾಗಿರುವ ಸಿದ್ಧ ಶೈಲಿಸಂಗ್ರಹಗಳು ಬಹುಮಟ್ಟಿಗೆ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಆ ನಾಲ್ಕು ಊರುಗಳ ಹೆಸರುಗಳನ್ನೇ ಬರೆದು ನೋಡಿ. 'ಪಾಂಡವಪುರ', 'ನಾಗಮಂಗಲ' ಇವುಗಳಲ್ಲಿ ಒತ್ತಕ್ಷರವಿಲ್ಲ, ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ. 'ಶ್ರೀರಂಗಪಟ್ಟಣ', 'ಕೃಷ್ಣರಾಜಪೇಟೆ' ಇವುಗಳಲ್ಲಿ ಒತ್ತುಗಳು ಕೆಳಗಿಳಿಯುತ್ತವೆ. ಗುಂಡಿಯ ಎತ್ತರವನ್ನು ಬಿಗಿಯಾಗಿ ನಿಗದಿಪಡಿಸಿ, ಹೊರಚಾಚಿದ್ದನ್ನು ಕತ್ತರಿಸುವ ನಿಯಮ ಬರೆದಿದ್ದರೆ ನಾಗಮಂಗಲದ ಗುಂಡಿ ಸರಿಯಾಗಿ ಕಂಡು, ಶ್ರೀರಂಗಪಟ್ಟಣದ ಗುಂಡಿಯಲ್ಲಿ ಒತ್ತುಗಳು ತುಂಡಾಗಬಹುದು. ಮೊದಲನೆಯದನ್ನಷ್ಟೇ ಪರೀಕ್ಷಿಸಿದವರಿಗೆ ದೋಷ ಗೊತ್ತೇ ಆಗುವುದಿಲ್ಲ.

ಓದುಗನು ಸಾಲಿನ ಅಂತರವನ್ನು ಅಕ್ಷರ ಗಾತ್ರದ ಒಂದೂವರೆ ಪಟ್ಟಿಗೆ ಹೆಚ್ಚಿಸಿಕೊಂಡರೂ ಪುಟ ಕೆಡಬಾರದೆಂದು ಡಬ್ಲ್ಯುಸಿಎಜಿ 2.1 (2018) ಹೇಳುತ್ತದೆ. ಕನ್ನಡಕ್ಕೆ ಆ ಅಂತರವನ್ನು ಮೊದಲಿನಿಂದಲೇ ಕೊಡುವುದು ಲೇಸು. ಇನ್ನು, ಶೀರ್ಷಿಕೆಯನ್ನು ಎತ್ತಿ ತೋರಿಸಲು ದೊಡ್ಡಕ್ಷರಕ್ಕೆ ಪರಿವರ್ತಿಸುವ ನಿಯಮ ಅನೇಕ ಸಂಗ್ರಹಗಳಲ್ಲಿದೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ! ಇಂಗ್ಲಿಷ್ ಪುಟದಲ್ಲಿ ಕಂಡ ವ್ಯತ್ಯಾಸ ಕನ್ನಡ ಪುಟದಲ್ಲಿ ಮಾಯವಾಗುತ್ತದೆ. ಕನ್ನಡಕ್ಕೆ ಬೇರೆಯದೇ ಅಳತೆಗಳಿರುವ ಮಿಕ್ಸಿನ್ ಬೇಕು. ಅದನ್ನು ಬರೆಯುವುದು ಕಷ್ಟವೇನಲ್ಲ. ಬೇಕೆಂದು ಹೊಳೆಯುವುದೇ ಕಷ್ಟ.

ಅಚ್ಚಿಗೆ ನಿಲುಕದ್ದು

ಮೂರನೆಯದು ಸಾಧನದ ಮಿತಿ. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಡುವಾಗ ನದಿಯಂಚಿನವರಿಗೆ ಎಚ್ಚರಿಕೆ ಕೊಡುವ ಪುಟವೊಂದನ್ನು ನಿಮ್ಮ ವಿದ್ಯಾರ್ಥಿಗಳು ರಚಿಸುತ್ತಾರೆನ್ನಿ. ಅಪಾಯಕ್ಕೆ ಕೆಂಪು ಪಟ್ಟಿ, ಕ್ಷೇಮಕ್ಕೆ ಹಸಿರು ಪಟ್ಟಿ. ಕೆಂಪು-ಹಸಿರು ಬಣ್ಣಗುರುಡು ಇರುವವರಿಗೆ ಎರಡೂ ಒಂದೇ ಬಗೆಯಾಗಿ ಕಾಣಬಹುದು. ಪರದೆ ಓದುವ ತಂತ್ರಾಂಶಕ್ಕಂತೂ ಬಣ್ಣದ ಅರ್ಥವೇ ಗೊತ್ತಿಲ್ಲ. 'ಅಪಾಯ' ಎಂಬ ಪದವನ್ನು ಪುಟದಲ್ಲಿ ಬರೆದೇ ತೀರಬೇಕು. ಅದನ್ನು ಯಾವ ಮಿಕ್ಸಿನ್ನೂ ಬರೆದುಕೊಡದು.

ಹಾಗೆಯೇ, ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನಲ್ಲಿ ಹೇಳದಿದ್ದರೆ ಓದುವ ತಂತ್ರಾಂಶ ತಪ್ಪು ಧ್ವನಿಯನ್ನು ಆಯ್ದುಕೊಳ್ಳಬಹುದು. ಉಚಿತವಾಗಿ ದೊರೆಯುವ ಎನ್‌ವಿಡಿಎ ತಂತ್ರಾಂಶವು ಇ-ಸ್ಪೀಕ್ ಮೂಲಕ ಕನ್ನಡ ಓದಬಲ್ಲದು. ಆದರೆ ಪಠ್ಯ ಯೂನಿಕೋಡಿನಲ್ಲಿರಬೇಕು. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಕಡತ ಅದಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಸ್ಕ್ಯಾನ್ ಮಾಡಿ ಏರಿಸಿದ ಸುತ್ತೋಲೆ ಬರಿಯ ಚಿತ್ರ. ಪುಟದ ಮೇಲ್ತುದಿಯಲ್ಲಿ ಅಕ್ಷರ ದೊಡ್ಡದು ಮಾಡುವ ಗುಂಡಿಗಳನ್ನಿಟ್ಟು, ಒಳಗೆ ಇಂಥ ಕಡತಗಳನ್ನು ತುಂಬಿದರೆ ಪ್ರಯೋಜನವೇನು?

ಪ್ರಿಪ್ರೊಸೆಸರಿನ ಚರಾಕ್ಷರಗಳಿಗೆ ಇನ್ನೂ ಒಂದು ಮಿತಿಯಿದೆ. ಪರಿವರ್ತನೆಯ ಕ್ಷಣದಲ್ಲೇ ಅವು ಸ್ಥಿರ ಸಂಖ್ಯೆಗಳಾಗಿಬಿಡುತ್ತವೆ. ಓದುಗ ತನ್ನ ಸಾಧನದಲ್ಲಿ ಹೆಚ್ಚು ಕಾಂಟ್ರಾಸ್ಟ್ ಬೇಕೆಂದೋ ಚಲನೆ ಕಡಿಮೆಯಿರಲೆಂದೋ ಆರಿಸಿಕೊಂಡಾಗ ಅವು ತಾವಾಗಿ ಬದಲಾಗವು. ಸಿಎಸ್‌ಎಸ್‌ನದೇ ಆದ ಚರಾಕ್ಷರಗಳು ಬ್ರೌಸರಿನಲ್ಲಿ ಜೀವಂತವಾಗಿರುತ್ತವೆ, ಅಂಥ ಆಯ್ಕೆಗೆ ತಕ್ಕಂತೆ ಬದಲಾಗಬಲ್ಲವು. ಆದ್ದರಿಂದ ಲೆಕ್ಕ ಮತ್ತು ಪರೀಕ್ಷೆ ಸ್ಯಾಸ್‌ನಲ್ಲಿ, ಓದುಗನ ಆಯ್ಕೆಗೆ ಬಿಟ್ಟದ್ದು ಸಿಎಸ್‌ಎಸ್ ಚರಾಕ್ಷರದಲ್ಲಿ ಎಂಬ ಹಂಚಿಕೆ ಯುಕ್ತವೆಂದು ತೋರುತ್ತದೆ.

ಇದು ದಯೆಯ ಮಾತಲ್ಲ

ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿ 2009ರಲ್ಲೇ ಹೊರಬಂದು, 2023ರಲ್ಲಿ ಮೂರನೆಯ ಆವೃತ್ತಿಯನ್ನು ಕಂಡಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಮಾಹಿತಿ ತಂತ್ರಜ್ಞಾನವೂ ಸುಗಮ್ಯವಾಗಿರಬೇಕೆನ್ನುತ್ತದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿದೆ. ಶೈಲಿಹಾಳೆಯ ಒಂದು ಸಾಲು ಈಗ ನಾಗರಿಕ ಹಕ್ಕಿನ ಪ್ರಶ್ನೆಯೂ ಹೌದು.

ಶಿಕ್ಷಕರಿಗೆ ಒಂದು ಸಲಹೆ. ನಿಮ್ಮ ಶಾಲೆಯ ಗಣಕ ಕೊಠಡಿಯಲ್ಲಿ ಒಂದು ದಿನ ಮೌಸನ್ನು ಬಿಚ್ಚಿಡಿ. ಮಕ್ಕಳು ಪ್ರತಿನಿತ್ಯ ಬಳಸುವ ಯಾವುದಾದರೂ ತಾಣವನ್ನು ಟ್ಯಾಬ್ ಕೀಲಿಯೊಂದರಿಂದಲೇ ಸುತ್ತಲಿ. ಆಯ್ಕೆಯ ಗೆರೆ ಎಲ್ಲಿ ಕಾಣೆಯಾಯಿತೆಂದು ಗುರುತು ಹಾಕಿಕೊಳ್ಳಲಿ. ಬಳಿಕ ಆ ಪುಟದ ಎರಡು ಬಣ್ಣಗಳನ್ನು ಆರಿಸಿ ಅನುಪಾತ ಲೆಕ್ಕ ಹಾಕಲಿ. ಕೆಂಪು, ಹಸಿರು, ನೀಲಿಗಳ ಸಂಖ್ಯೆ ಸೊನ್ನೆ ಅಥವಾ ಪೂರ್ಣ ಆಗಿರುವ ಶುದ್ಧ ಬಣ್ಣಗಳಾದರೆ ಮೇಲಿನ ಸೂತ್ರವೇ ಸಾಕು. ನಡುವಿನ ಬಣ್ಣಗಳಿಗೆ ಘಾತಾಂಕದ ಇನ್ನೊಂದು ಹೆಜ್ಜೆಯಿದೆ, ಪಿಯುಸಿ ಮಕ್ಕಳು ಅದನ್ನು ಮಾಡಬಲ್ಲರು. ಕೊನೆಯಲ್ಲಿ ಶ್ರೀರಂಗಪಟ್ಟಣದ ಹೆಸರನ್ನು ದೊಡ್ಡದು ಮಾಡಿ ಒತ್ತುಗಳು ಉಳಿದಿವೆಯೇ ನೋಡಲಿ. ಈ ಮೂರು ಪರೀಕ್ಷೆ ಮಾಡಿದ ವಿದ್ಯಾರ್ಥಿ ಮುಂದೆ ಮಿಕ್ಸಿನ್ ಬರೆಯುವಾಗ ಅದನ್ನು ಬಳಸುವವರು ಯಾರೆಂಬುದನ್ನು ಮರೆಯಲಾರ.