ಕುದುರೆ ಏರಿ ಬಂದ ಸ್ವರಾತ್ಮ

ಸೊಂಟಕ್ಕೆ ಬೊಂಬೆ ಕುದುರೆ ಕಟ್ಟಿಕೊಂಡು ಗಾಯಕ ವಾಸು ದೀಕ್ಷಿತ್ ವೇದಿಕೆಗೆ ಜಿಗಿದರೆಂದರೆ, ರಾಕ್ ಕಛೇರಿಗೆಂದು ಬಂದವರಿಗೂ ಊರ ಜಾತ್ರೆಯ ಕೀಲುಕುದುರೆ ನೆನಪಾಗಬೇಕು. ಬೆಂಗಳೂರಿನ ‘ಸ್ವರಾತ್ಮ’ ತಂಡದ ವೇಷಭೂಷಣ ಢಾಳು ಬಣ್ಣದ್ದು. ಆದರೆ ಬರೀ ವೇಷ ಎಂದು ತಳ್ಳಿಹಾಕುವಂತಿಲ್ಲ. ಸಂಜೀವ್ ನಾಯಕ್ ಅವರ ಪಿಟೀಲನ್ನೇ ಕೇಳಿ: ಕರ್ನಾಟಕ ಸಂಗೀತದ ಗಮಕ ಬಿಡದೆಯೇ ಎಲೆಕ್ಟ್ರಿಕ್ ಗಿಟಾರಿನ ಜೊತೆ ಜಗಳಕ್ಕಿಳಿಯುತ್ತದೆ, ಮರುಕ್ಷಣ ರಾಜಿಯಾಗುತ್ತದೆ. ಡ್ರಮ್ಸ್ ಒಂದು ಕಡೆ, ನಮ್ಮ ತಾಳವಾದ್ಯಗಳು ಇನ್ನೊಂದು ಕಡೆ. ಎರಡೂ ಒಂದನ್ನೊಂದು ನುಂಗುವುದಿಲ್ಲ. ಬೆಸುಗೆ (ಫ್ಯೂಷನ್) ಸಂಗೀತ ಮಾಡುವ ಎಷ್ಟೋ ತಂಡಗಳು ಎಡವುವುದು ಇಲ್ಲೇ. ಜಾನಪದವನ್ನು ಒಗ್ಗರಣೆಯಂತೆ ಮೇಲೆ ಸುರಿದುಬಿಡುತ್ತವೆ.

ತಂಡದ ಹೆಸರನ್ನೇ ಹೊತ್ತ ಮೊದಲ ಆಲ್ಬಂ ಬಂದದ್ದು 2009ರಲ್ಲಿ. ಅದರಲ್ಲಿ ಹಿಂದಿಯ ‘ಪ್ಯಾರ್ ಕೆ ರಂಗ್’ ಜೊತೆಗೆ ಕನ್ನಡದ ‘ಈ ಭೂಮಿ’ಯೂ ಇದೆ. 2012ರ ಆಲ್ಬಂ ‘ಟೋಪಿವಾಲೆ’ ರಾಜಕಾರಣಿಗಳ ಕಾಲೆಳೆಯಿತು. ನಗಿಸುತ್ತಲೇ ಚುಚ್ಚುವುದು ಇವರಿಗೆ ಸಲೀಸು.

ನನ್ನದೊಂದು ತಕರಾರಿದೆ: ಕನ್ನಡದ ಹಾಡುಗಳು ಇನ್ನಷ್ಟು ಬೇಕಿತ್ತು. ರೆಕಾರ್ಡಿಂಗ್‌ನಲ್ಲಿ ಆ ಕುದುರೆಯೂ ಕಾಣುವುದಿಲ್ಲ. ಹಾಗಾಗಿ ತಂಡ ನಿಮ್ಮೂರಿಗೆ ಬಂದರೆ ತಪ್ಪದೆ ಹೋಗಿ, ಮುಂದಿನ ಸಾಲಿನಲ್ಲೇ ನಿಲ್ಲಿ.